ಗುಂಡವ್ವಗ ಏನೂ ಹಾಕಬ್ಯಾಡ್ರಿ

28 ಏಪ್ರಿಲ್ 2024, ಭಾನುವಾರ, ನಾಲವಾರ

ಬೆಳಿಗ್ಗೆ ಪುಣೆಯಿಂದ ಮಗಳ ಫೋನು. ಎರಡನೆಯ ಬಾಣಂತನ, ಇವರು ಆಗಲೇ ಅಲ್ಲಿದ್ದಾರೆ, ನಾನು ಮಾತ್ರ ಇಲ್ಲಿ ಕಟ್ಟಿಬಿದ್ದಿದ್ದೇನೆ. ಮೇ 7ರ ಮತದಾನಕ್ಕೆ ಡ್ಯೂಟಿ ಬಂದಿದೆ, ಅದು ಮುಗಿಯದೆ ಊರು ಬಿಡುವಂತಿಲ್ಲ. ಬಸವ ಜಯಂತಿಯ ದಿನ, 10ಕ್ಕೆ, ವಾಡಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಟಿಕೀಟು ಆಗಿದೆ.

ಮನೆಗೆ ಬೀಗ ಹಾಕಿದರೆ ಸಾಕು, ಹಿತ್ತಲಿನ ಗುಂಡವ್ವನದೇ ಚಿಂತೆ. ಮಗ ಪಿಯುಸಿ ಓದುವಾಗ ಮೀನಿನ ಅಂಗಡಿಯಿಂದ ತಂದ ಮರಿ ಅದು, ಕಣ್ಣಿನ ಹಿಂದೆ ಕೆಂಪು ಪಟ್ಟಿಯ ನೀರಾಮೆ. ಗಂಡೆಂದು ಗುಂಡ ಎನ್ನುತ್ತಿದ್ದೆವು. ಗಂಡಿಗೆ ಮುಂಗಾಲಿನ ಉಗುರು ಉದ್ದ ಬೆಳೆಯುತ್ತವೆ, ಬಾಲ ದಪ್ಪವಾಗುತ್ತದೆ. ಇದಕ್ಕೆ ಎರಡೂ ಆಗಲಿಲ್ಲ, ಮೈ ಮಾತ್ರ ಬೆಳೆದು ಗುಂಡವ್ವ ಆಯಿತು. ಮಗ ಬೆಂಗಳೂರು ಸೇರಿದ, ಗುಂಡವ್ವ ನನ್ನ ಪಾಲಿಗೆ ಬಂದಳು.

"ಅದನ್ನೂ ಕರ್ಕೊಂಡ್ ಬಾ" ಎಂದಳು ಮಗಳು, ನಗುತ್ತ. ಹಸುಗೂಸಿರುವ ಮನೆಗೆ ಆಮೆ ಬೇಡವೇ ಬೇಡ. ಅದರ ಮೈಮೇಲೂ ನೀರಿನಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಆಮೆ ಗಟ್ಟಿಯಾಗಿಯೇ ಇರುತ್ತದೆ, ಕೂಸಿಗೆ ವಾಂತಿಭೇದಿ ಹತ್ತುತ್ತದೆ. ಅಮೆರಿಕದಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರುವುದನ್ನು 1975ರಲ್ಲೇ ನಿಲ್ಲಿಸಿದ್ದು ಇದಕ್ಕೇ. ಮಕ್ಕಳು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರಂತೆ.

2 ಮೇ, ಗುರುವಾರ

ಚುನಾವಣಾ ತರಬೇತಿಯಲ್ಲಿ ಪಕ್ಕ ಕೂತ ಗೆಳತಿಗೆ ಹೇಳಿಕೊಂಡೆ. "ಕಾಗಿಣಾಕ್ಕ ಬಿಟ್ಟು ಕೈಮುಗೀರಿ, ಪುಣ್ಯಾ ಬರ್ತದ" ಎಂದರು. ಪುಣ್ಯ ಎಲ್ಲಿಂದ ಬರಬೇಕು! ಇದು ಮಿಸಿಸಿಪ್ಪಿ ಸೀಮೆಯ ಪ್ರಾಣಿ. ಹೊಳೆಗೆ ಬಿಟ್ಟರೆ ಬದುಕುತ್ತದೆ, ತೊಂದರೆ ಇರುವುದೇ ಅಲ್ಲಿ. ನಮ್ಮ ಆಮೆಗಳು ಬಿಸಿಲು ಕಾಯಿಸುವ ಜಾಗ, ತಿನ್ನುವ ಹುಳಹುಪ್ಪಟೆ ಎಲ್ಲಕ್ಕೂ ಪೈಪೋಟಿಗೆ ನಿಲ್ಲುತ್ತದೆ. ಯುರೋಪಿನವರು 1997ರಲ್ಲೇ ಇದರ ಆಮದು ನಿಲ್ಲಿಸಿದರು. ನಮ್ಮಲ್ಲಿ ತಮಾಷೆ ಬೇರೆ: ನಮ್ಮದೇ ಮೆದುಚಿಪ್ಪಿನ ಆಮೆಯನ್ನೋ ನಕ್ಷತ್ರ ಆಮೆಯನ್ನೋ ಮನೆಯಲ್ಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸು. ಪರದೇಶದ ಇದನ್ನು ಅಂಗಡಿಯಲ್ಲಿ ಪಾಲಿಥಿನ್ ಚೀಲಕ್ಕೆ ಕಟ್ಟಿ ಕೊಡುತ್ತಾರೆ.

ಎದುರುಮನೆ ಕಾಕಿ ತಾವೇ ಮುಂದೆ ಬಂದರು. "ನೀವ್ ಹೋಗ್ರಿ ಟೀಚರ್, ನಾ ನೋಡ್ಕೊತೀನಿ. ಮೂರ್ ಹೊತ್ತೂ ರೊಟ್ಟಿ ಹಾಕ್ತೀನಿ." ಅವರ ಕೈ ದೊಡ್ಡದು. ಬೀದಿನಾಯಿಯೂ ಅವರ ಕಟ್ಟೆಯ ಮುಂದೆ ಹಸಿದು ಮಲಗಿದ್ದಿಲ್ಲ. ನನಗೆ ಬೇಕಾದವರು ಏನೂ ಹಾಕದೆ ಇರಬಲ್ಲವರು. ಅಂಥವರು ನಮ್ಮ ಕಡೆ ಹುಡುಕಿದರೂ ಸಿಗುವುದಿಲ್ಲ.

5 ಮೇ, ಭಾನುವಾರ

ಸಿಕ್ಕಳು. ಹಿಂದಿನ ಓಣಿಗೆ ಕಂದಕೂರಿನಿಂದ ಬಂದ ಸೊಸೆ. ಯಾದಗಿರಿ ಕಡೆಯ ಆ ಊರಿನಲ್ಲಿ ನಾಗರ ಪಂಚಮಿಗೆ ಕೊಂಡಮ್ಮಾಯಿ ಗುಡ್ಡದ ಕಲ್ಲೆತ್ತಿ ಚೇಳು ಹಿಡಿದು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಅಂಥ ಊರಿನವಳು ತೊಟ್ಟಿಯಿಂದ ಮಾರು ದೂರ ನಿಂತು ಕೇಳಿದಳು: "ಅಕ್ಕಾ, ಇದು ಕಡೀತದೇನ್ರೀ?" ಹಲ್ಲಿಲ್ಲ, ಆದರೆ ಕೊಕ್ಕಿನಂಥ ದವಡೆ ಇದೆ, ಬೆರಳು ಕೊಟ್ಟರೆ ಚಿವುಟುತ್ತದೆ, ಹಿಡಿಯುವುದಾದರೆ ಹಿಂದಿನಿಂದ ಹಿಡಿ ಎಂದೆ.

ತೊಟ್ಟಿ ಶಹಾಬಾದಿ ಫರ್ಸಿಯದು. ನಾಲ್ಕು ಚಪ್ಪಡಿ ನಿಲ್ಲಿಸಿ ಸಿಮೆಂಟು ಹಚ್ಚಿದ್ದು. ಒಂದು ಮೂಲೆಯಲ್ಲಿ ಓರೆಯಾಗಿ ಇನ್ನೊಂದು ತುಂಡು, ಗುಂಡವ್ವ ಹತ್ತಿ ಮೈ ಒಣಗಿಸಿಕೊಳ್ಳಲು. ಬೆಳಗಿನ ನೇರ ಬಿಸಿಲು ಬೇಕು, ಚಿಪ್ಪು ಗಟ್ಟಿಯಾಗುವುದು ಅದರಿಂದ. ಗಾಜಿನ ಕಿಟಕಿಯಿಂದ ಬಂದ ಬಿಸಿಲಿಗೆ ಆ ಗುಣವಿಲ್ಲ. ಆದರೆ ಈ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಆ ಕಲ್ಲಿನ ಮೇಲೆ ಅಂಗೈ ಇಡಲಾಗುವುದಿಲ್ಲ. ಹೊರದೇಶದ ಪುಸ್ತಕಗಳಲ್ಲಿ ಆಮೆಗೆ ದೀಪ ಹಚ್ಚಿ, ನೀರು ಕಾಯಿಸಿ ಎಂದು ಬರೆದಿರುತ್ತಾರೆ. ನಮ್ಮ ನಾಲವಾರದಲ್ಲಿ ಮೇ ತಿಂಗಳು ಕಳೆದವರು ಅದನ್ನು ಬರೆದಿರಲಿಕ್ಕಿಲ್ಲ. ನೀರು 24ರಿಂದ 28 ಡಿಗ್ರಿ ಇರಬೇಕು. ಹೊರಗೆ ನಲವತ್ತೆರಡು. ಆದ್ದರಿಂದ ತೊಟ್ಟಿಯ ಅರ್ಧಕ್ಕೆ ಗೋಣಿತಟ್ಟು, ಮಧ್ಯಾಹ್ನ ಅದಕ್ಕೆ ನೀರು, ಸಂಜೆ ಒಂದೆರಡು ಕೊಡ ಹಳೆ ನೀರು ತೆಗೆದು ಹೊಸದು. ಬರ್ಫ್ ಹಾಕಬಾರದು.

ಊಟ: ಮೂರು ದಿನಕ್ಕೊಮ್ಮೆ. ಪುಡಿಕೆ ಕಟ್ಟಿ ತಾರೀಖು ಬರೆದಿದ್ದೇನೆ. ಸೊಪ್ಪು ಬೇಕೆನಿಸಿದರೆ ಹತ್ತರಕಿ. ಪುಂಡಿಪಲ್ಯ ಬೇಡ, ಅದರ ಹುಳಿ ಸುಣ್ಣದಂಶವನ್ನು ಕಟ್ಟಿಹಾಕುತ್ತದೆ. ಆಮೇಲೆ ಸಾಬೂನು ಹಚ್ಚಿ ಕೈ ತೊಳೆಯುವುದು.

8 ಮೇ, ಬುಧವಾರ

ನಿನ್ನೆ ರಾತ್ರಿ ಡಿಮಸ್ಟರಿಂಗ್ ಮುಗಿಸಿ ಮನೆ ಸೇರುವಷ್ಟರಲ್ಲಿ ಸರಿಹೊತ್ತು. ಸೇಡಂ ಕಡೆಯ ಹಳ್ಳಿ, ತಗಡಿನ ಕೋಣೆ, ಮತಯಂತ್ರಕ್ಕಿಂತ ನಾವೇ ಹೆಚ್ಚು ಕಾದಿದ್ದೆವು. ಅದು ಇರಲಿ.

ಬೆಳಿಗ್ಗೆ ತೊಟ್ಟಿ ನೋಡಿದರೆ ನೀರು ಗಂಜಿ. ಮೇಲೆ ಜೋಳದ ರೊಟ್ಟಿಯ ಚೂರು ಉಬ್ಬಿ ತೇಲುತ್ತಿವೆ, ಅಂಚಿನಲ್ಲಿ ಶೇಂಗಾ ಹಿಂಡಿ, ಮೂಗಿಗೆ ಅಡರುವ ವಾಸನೆ. ಗುಂಡವ್ವ ಕಲ್ಲಿನ ಮೇಲೆ ಕೂತು ನೀರಿಗೆ ಇಳಿಯಲೊಲ್ಲಳು. ಸೊಸೆ ಅಳುಮುಖ ಮಾಡಿದಳು: "ನಾ ಬ್ಯಾಡ ಅಂದೆ ಅಕ್ಕಾ. ಕಾಕಿ ಕೇಳ್ಲಿಲ್ಲ." ಕಾಕಿ ಜಗ್ಗಲಿಲ್ಲ. "ಬಾಯ್ ತೆಗೀಲಾಕತ್ತಿತ್ರೀ! ನೋಡ್ಕೋತ ಹ್ಯಾಂಗ್ ಕೂಡ್ಲಿ?"

ಬಾಯಿ ತೆರೆದದ್ದು ಸೆಕೆಗೆ. ಕಾಕಿಯನ್ನು ಕಟ್ಟೆಯ ಮೇಲೆ ಕೂರಿಸಿ ಏಳನೇ ಇಯತ್ತೆಗೆ ಹೇಳುವಂತೆ ಹೇಳಿದೆ. ನಾವು ಉಂಡ ಅನ್ನದ ಬಹುಪಾಲು ಮೈ ಬೆಚ್ಚಗಿಡಲಿಕ್ಕೇ ಉರಿಯುತ್ತದೆ. ಆಮೆಗೆ ಆ ಖರ್ಚಿಲ್ಲ, ಕಾವು ಬಿಸಿಲಿನಿಂದ ಬರುತ್ತದೆ. ಬೆಳೆದ ಆಮೆ ಒಂದು ವಾರ ಉಣ್ಣದಿದ್ದರೂ ಕೆಡುವುದಿಲ್ಲ. ಉಣ್ಣದೆ ಬಿಟ್ಟದ್ದು ನೀರಲ್ಲಿ ಕೊಳೆತು ಅಮೋನಿಯಾ ಆದರೆ ಕಣ್ಣು, ಚರ್ಮ ಕೆಡುತ್ತವೆ, ಅದೂ ಸೆಕೆಯಲ್ಲಿ ಬೇಗ. ಕಾಕಿ ಎಲ್ಲ ಕೇಳಿ, "ಅಂದ್ರ ನಾ ಮಾಡೋದೇನೂ ಇಲ್ಲಂದಂಗಾಯ್ತು" ಎಂದರು. ಬೇಸರವಾಗಿತ್ತು.

ಗೋಣಿತಟ್ಟು ಅವರ ಪಾಲಿಗೆ ಬಿಟ್ಟೆ. ಮಧ್ಯಾಹ್ನ ಎರಡು ಸಲ ಒದ್ದೆ ಮಾಡುವುದು, ಅದು ತಪ್ಪಿದರೆ ಗುಂಡವ್ವ ಬೇಯುತ್ತಾಳೆ ಎಂದೆ. ಮುಖ ಅರಳಿತು. ಊಟದ ಪುಡಿಕೆಗಳು ಸೊಸೆಯ ಮನೆಗೆ ಹೋದವು.

12 ಮೇ, ಭಾನುವಾರ, ಪುಣೆ

ಇಲ್ಲಿ ನಾಳೆ ಮತದಾನ. ಇಲ್ಲಿಯ ಶಿಕ್ಷಕರ ಪಾಡು ನೆನೆದು ಹಾಯೆನಿಸಿತು, ಸುಳ್ಳೇಕೆ ಹೇಳಲಿ.

ಕೂಸಿಗೆ ಎಣ್ಣೆ ಹಚ್ಚುವ ಹೊತ್ತಿಗೇ ವಿಡಿಯೊ ಕಾಲ್. ತೊಟ್ಟಿ ತೋರಿಸು ಎಂದರೆ ಸೊಸೆ ಮೊದಲು ತನ್ನ ಮಗನನ್ನು, ಆಮೇಲೆ ಕಾಕಿಯನ್ನು, ಕೊನೆಗೆ ಗುಂಡವ್ವನನ್ನು ತೋರಿಸಿದಳು. ಮಗ ಬಿಟ್ಟುಹೋದ ಮೀನುತೊಟ್ಟಿಯ ಥರ್ಮಾಮೀಟರಿನಲ್ಲಿ ಮಧ್ಯಾಹ್ನ 31. ಅಡ್ಡಿಯಿಲ್ಲ, ನೆರಳಿನ ಕಡೆ ಆಳ ಹೆಚ್ಚಿದೆ. ಗೋಣಿತಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎರಡು ಸಲ ಎಂದದ್ದನ್ನು ಕಾಕಿ ಐದಾರು ಸಲ ಮಾಡಿರಬೇಕು. ಅವರ ದೊಡ್ಡ ಕೈ ಈಗ ಸರಿಯಾದ ಕಡೆ ಬಿದ್ದಿದೆ.

25 ಮೇ, ಶನಿವಾರ, ನಾಲವಾರ

ಬುಧವಾರ ಶಾಲೆ ಶುರು, ಅದಕ್ಕೇ ಬಂದೆ. ಅಂಗಡಿಯ ತಕ್ಕಡಿ ತರಿಸಿ ತೂಗಿದೆ, ಹೋಗುವ ಮುಂಚೆ ಇದ್ದಷ್ಟೇ ಇದ್ದಾಳೆ. ಕಣ್ಣು ಊದಿಲ್ಲ, ಚಿಪ್ಪು ಗಟ್ಟಿ. ಸೊಸೆಗೆ ಪುಣೆಯಿಂದ ತಂದ ಸೀರೆ ಕೊಟ್ಟೆ. ಪುಡಿಕೆಗಳಲ್ಲಿ ಒಂದು ಉಳಿದಿತ್ತು, "ಅವತ್ತ ತಿನ್ನಲಿಲ್ಲ, ತೆಗೆದಿಟ್ಟೆ" ಎಂದಳು. ಇವಳಿಗೆ ಇನ್ನೊಂದು ಸೀರೆ ಕೊಡಬೇಕು.

ಕಾಕಿ ತಕ್ಕಡಿಯನ್ನು ನಂಬಲಿಲ್ಲ. "ಬಡವಾಗ್ಯದ" ಎಂದೇ ಹಟ. ಹೋಗುವಾಗ ಬಾಗಿಲಲ್ಲಿ ನಿಂತರು: ಮುಂದಿನ ವಾರ ಶಹಾಬಾದಿನಲ್ಲಿ ಮೊಮ್ಮಗಳ ಮದುವೆಯಂತೆ, ಎರಡು ಆಡು ನನ್ನ ಹಿತ್ತಲಿಗೆ ಕಟ್ಟಿ ಹೋಗುತ್ತಾರಂತೆ.

"ಅವಕ್ಕ ಮಾತ್ರ ಹೊಟ್ಟಿತುಂಬ ಹಾಕ್ರಿ ಟೀಚರ್. ಆಮಿ ಲೆಕ್ಕಾ ನಮ್ಮ ಆಡಿಗೆ ಹಚ್ಚಬ್ಯಾಡ್ರಿ ಮತ್ತ."