ಸ್ಟೆಪ್ನಿ ಪೆಟ್ಟಿಗೆ

ಬಸ್ಸು, ಲಾರಿ, ಜೀಪುಗಳಲ್ಲಿ ಹೆಚ್ಚಿಗೆ ಇಟ್ಟುಕೊಳ್ಳುವ ಚಕ್ರಕ್ಕೆ ನಮ್ಮ ಕಡೆ ಸ್ಟೆಪ್ನಿ ಎನ್ನುತ್ತಾರೆ. ಈ ಪದ ಹುಟ್ಟಿದ್ದು ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ. ಮೊದಮೊದಲ ಕಾರುಗಳು ಹೆಚ್ಚುವರಿ ಚಕ್ರವಿಲ್ಲದೆಯೇ ಓಡುತ್ತಿದ್ದವು. 1904ರಲ್ಲಿ ಲಾನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿದ್ದ ಇಬ್ಬರು ಸಹೋದರರು ಇಂತಹ ಚಕ್ರ ತಯಾರಿಸಿದರು. ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಅಲ್ಲಿ ಆ ಪದ ಬಹುಮಟ್ಟಿಗೆ ಮರೆತುಹೋಗಿದ್ದರೂ ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ಇನ್ನೂ ಬದುಕಿದೆ. ಎರಡನೆಯ ಹೆಂಡತಿಯನ್ನು ಹೀಗಳೆಯಲು ಇದೇ ಪದವನ್ನು ಬಳಸುವ ಗಂಡಸರೂ ನಮ್ಮಲ್ಲಿದ್ದಾರೆ. ಹಾಗೆ ಆಡುವವರಿಗೆ ಹೆಣ್ಣಿನ ಬೆಲೆಯೂ ಗೊತ್ತಿಲ್ಲ, ಸ್ಟೆಪ್ನಿಯ ಬೆಲೆಯೂ ಗೊತ್ತಿಲ್ಲ.

ನಮ್ಮ ಆರ್ಕೆಸ್ಟ್ರಾ ತಂಡದಲ್ಲಿ ಸ್ಟೆಪ್ನಿ ಎಂದರೆ ಗಿಟಾರಿನ ಎರಡನೆಯ ಆಂಪ್ಲಿಫಯರ್. 2000ದ ನಂತರದ ಏಳೆಂಟು ವರ್ಷ ನಾವು ದಾವಣಗೆರೆ, ಹರಿಹರ, ರಾಣೆಬೆನ್ನೂರು ಸುತ್ತಿನ ಊರುಗಳಲ್ಲಿ 'ರಸಮಂಜರಿ' ಕಾರ್ಯಕ್ರಮ ಕೊಡುತ್ತಿದ್ದೆವು. ಗಣೇಶನ ಪೆಂಡಾಲು, ನವೆಂಬರ್ ತಿಂಗಳ ರಾಜ್ಯೋತ್ಸವ, ಜಾತ್ರೆ, ಉರೂಸು, ಮದುವೆಯ ರಿಸೆಪ್ಷನ್, ಹೀಗೆ ಕರೆದಲ್ಲಿಗೆ ಹೋಗುತ್ತಿದ್ದೆವು. ಗಿಟಾರ್, ತಬಲಾ ಮತ್ತು ಗಂಡು ದನಿಗೆ ನಾವು ಮೂವರು ಮುಸ್ಲಿಮರು. ಕೀಬೋರ್ಡಿನವನು ಲಿಂಗಾಯತರ ಹುಡುಗ. ರಿದಂ ಪ್ಯಾಡಿನವನು ಕೇರಿಯ ಹಲಗೆ ಮನೆತನದವನು. ಹೆಣ್ಣು ದನಿ ಚರ್ಚಿನ ಗಾಯನವೃಂದದಲ್ಲಿ ಪಳಗಿದ್ದ ಒಬ್ಬ ಟೀಚರಮ್ಮನದು. ಎಲ್ಲರಿಗೂ ಹಗಲು ಬೇರೆ ಕೆಲಸವಿತ್ತು.

ಎಲೆಕ್ಟ್ರಿಕ್ ಗಿಟಾರಿನ ಸ್ವಭಾವ ತಿಳಿಯದವರಿಗೆ ಎರಡು ಮಾತು ಹೇಳಬೇಕು. ತಬಲಾ ಕರೆಂಟು ಹೋದರೂ ತಬಲಾ. ಹಾರ್ಮೋನಿಯಂ ಕೂಡ ಹಾಗೆಯೇ. ಎಲೆಕ್ಟ್ರಿಕ್ ಗಿಟಾರಿಗೆ ಮಾತ್ರ ಸ್ವಂತ ದನಿ ಇಲ್ಲವೆಂದೇ ಹೇಳಬೇಕು. ತಂತಿಯ ಕೆಳಗಿರುವ ಪಿಕಪ್ಪಿನ ಅಯಸ್ಕಾಂತ ಮತ್ತು ಸುರುಳಿ ಸೇರಿ ತಂತಿಯ ಕಂಪನವನ್ನು ಸಣ್ಣ ವಿದ್ಯುತ್ತಾಗಿ ಮಾಡುತ್ತವೆ. ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುವುದು ಆಂಪ್ಲಿಫಯರ್. ಅದು ಸುಮ್ಮನಾದರೆ ಗಿಟಾರಿನವನ ಬೆರಳು ಓಡುತ್ತಲೇ ಇರುತ್ತದೆ, ಎದುರಿನ ಸಾಲಿಗೂ ಕೇಳಿಸುವುದಿಲ್ಲ. 'ಯಾದೋಂ ಕಿ ಬಾರಾತ್' (1973) ಚಿತ್ರದಲ್ಲಿ ಆರ್.ಡಿ. ಬರ್ಮನ್ ಅವರಿಗಾಗಿ ಭೂಪಿಂದರ್ ಸಿಂಗ್ ನುಡಿಸಿದ ಗಿಟಾರನ್ನು ನಮ್ಮೂರಿನ ಬೀಡಿ ಕಟ್ಟುವವರೂ ಬಾಯಲ್ಲಿ ಗುನುಗುತ್ತಿದ್ದರು. ಇಳಯರಾಜಾ ಸಂಗೀತದ 'ಗೀತಾ' (1981) ಚಿತ್ರದ ಹಾಡುಗಳಿಲ್ಲದೆ ನಮ್ಮನ್ನು ವೇದಿಕೆಯಿಂದ ಇಳಿಯಲು ಬಿಡುತ್ತಿರಲಿಲ್ಲ. ಇಂತಹ ಹಾಡಿನ ನಡುವೆ ಗಿಟಾರ್ ಮೂಕವಾದರೆ ಗಾಯಕನೊಬ್ಬ ಬಾಯಿ ತೆರೆದು ಶಬ್ದ ಹೊರಡದೆ ನಿಂತಂತೆಯೇ.

ಆಂಪ್ಲಿಫಯರ್ ಕೈಕೊಡಲು ಕಾರಣ ಬೇಕಾದಷ್ಟಿದ್ದವು. ಟೆಂಪೋದಲ್ಲಿ ಕುಲುಕಿ ಒಳಗಿನ ಬೆಸುಗೆ ಬಿಡುವುದು, ಜಾತ್ರೆಯ ಧೂಳು ವಾಲ್ಯೂಮ್ ಗುಂಡಿಯೊಳಗೆ ಸೇರಿ ಕರಕರ ಎನ್ನುವುದು, ಭಾದ್ರಪದದ ಮಳೆಯ ತೇವ. ಎಲ್ಲಕ್ಕಿಂತ ದೊಡ್ಡ ಶತ್ರು ವೋಲ್ಟೇಜು. 230 ಎಂದು ಬರೆದಿರುವ ಕಡೆ ಹಳ್ಳಿಯ ಕಂಬದಿಂದ ರಾತ್ರಿ ಬರುತ್ತಿದ್ದುದು 170, 180. ಪಂಪ್‌ಸೆಟ್ಟುಗಳೆಲ್ಲ ಓಡುವಾಗ ಇಳಿಯುವುದು, ಅವು ನಿಂತೊಡನೆ ಜಿಗಿಯುವುದು.

ಆಂಪ್ಲಿಫಯರ್ ಕೆಟ್ಟದ್ದರಿಂದಲೇ ಒಳ್ಳೆಯದಾದ ಕಥೆಯೂ ಒಂದಿದೆ. 1951ರಲ್ಲಿ ಅಮೆರಿಕದ ಮಿಸಿಸಿಪ್ಪಿ ಪ್ರಾಂತದಿಂದ ಐಕ್ ಟರ್ನರ್ ಎಂಬ ಕಪ್ಪು ಯುವಕನ ತಂಡ ರೆಕಾರ್ಡಿಂಗಿಗೆಂದು ಕಾರಿನಲ್ಲಿ ಮೆಂಫಿಸ್ ನಗರಕ್ಕೆ ಹೊರಟಿತು. ದಾರಿಯಲ್ಲಿ ಗಿಟಾರ್ ವಾದಕ ವಿಲ್ಲಿ ಕಿಜಾರ್ಟನ ಆಂಪ್ಲಿಫಯರ್ ಪೆಟ್ಟು ತಿಂದಿತು. ಕಾರಿನಿಂದ ಬಿತ್ತೆಂದು ಕೆಲವರು, ಮಳೆಗೆ ನೆನೆಯಿತೆಂದು ಕೆಲವರು ಹೇಳುತ್ತಾರೆ. ಅವರ ಬಳಿ ಇನ್ನೊಂದು ಇರಲಿಲ್ಲ. ಧ್ವನಿಮುದ್ರಣ ಮಾಡಿದ ಸ್ಯಾಮ್ ಫಿಲಿಪ್ಸ್ ಹರಿದ ಸ್ಪೀಕರಿಗೆ ಕಾಗದ ತುರುಕಿಸಿ, ಆ ಒಡಕು ದನಿಯಲ್ಲಿಯೇ ಹಾಡು ಮುದ್ರಿಸಿದ. 'ರಾಕೆಟ್ 88' ಎಂಬ ಆ ಹಾಡನ್ನು ಮೊಟ್ಟಮೊದಲ ರಾಕ್ ಅಂಡ್ ರೋಲ್ ಎಂದು ಕರೆಯುವವರಿದ್ದಾರೆ. ಸ್ಟೆಪ್ನಿ ಯಾಕೆ ಬೇಕು ಎಂದು ವಾದಿಸುವವರು ಈ ಕಥೆ ತೆಗೆಯುತ್ತಾರೆ. ಆದರೆ ಅದು ನಡೆದದ್ದು ಬಾಗಿಲು ಹಾಕಿದ ಸ್ಟುಡಿಯೋದಲ್ಲಿ. ಕಾಗದ ತುರುಕುವಷ್ಟು ಹೊತ್ತು ಕಾಯಬಲ್ಲ ಒಬ್ಬ ಮನುಷ್ಯ ಎದುರಿಗಿದ್ದ. ಮೂರು ಸಾವಿರ ಜನ ಕುಳಿತ ಪೆಂಡಾಲಿನಲ್ಲಿ ಆ ವ್ಯವಧಾನ ಸಿಗುವುದಿಲ್ಲ. ಅದರಲ್ಲೂ ನಮ್ಮಂಥವರಿಗೆ.

ನಮ್ಮ ಮುಖ್ಯ ಆಂಪ್ಲಿಫಯರ್ ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು, ಎರಡು ಸ್ಪೀಕರಿನದು. ಅದರಂಥದೇ ಇನ್ನೊಂದನ್ನು ಕೊಳ್ಳೋಣವೆಂದು ಕೀಬೋರ್ಡಿನವನು ಹೇಳಿದಾಗ ರೇಡಿಯೋ ರಿಪೇರಿಯ ಖಾದರ್ ಭಾಯಿ ಬೇಡವೆಂದರು. ಅವರ ಮಾತು ಹೀಗಿತ್ತು: "ಒಂದೇ ಥರದ್ದು ಎರಡು ಇಟ್ಕೊಂಡ್ರೆ ಒಂದನ್ನ ಕೊಂದ ಕಾಯಿಲೆ ಇನ್ನೊಂದನ್ನೂ ಕೊಲ್ಲುತ್ತೆ. ಬೇರೆ ಜಾತಿದು ಇಟ್ಕೊಳ್ಳಿ." ಜಾತಿ ಎಂಬ ಪದ ಇಷ್ಟು ಒಳ್ಳೆಯ ಅರ್ಥದಲ್ಲಿ ಬಳಕೆಯಾದದ್ದನ್ನು ನಾವು ಬೇರೆ ಕಡೆ ಕೇಳಿಲ್ಲ.

ಬೇರೆ ಜಾತಿಯದು ಸಿಕ್ಕಿದ್ದು ನಮ್ಮ ಮೊಹಲ್ಲಾದ ಮಸೀದಿಯಲ್ಲಿ. ಮಸೀದಿಗೆ ದಾನಿಯೊಬ್ಬರು ಹೊಸ ಮೈಕ್ ಸೆಟ್ ಕೊಟ್ಟಿದ್ದರು. ಹಳೆಯ ಅಹುಜಾ ಆಂಪ್ಲಿಫಯರನ್ನು ಜುಮ್ಮಾ ನಮಾಜಿನ ನಂತರ ಹರಾಜು ಹಾಕಿದರು. ದೆಹಲಿಯ ಈ ಕಂಪನಿ 1940ರಿಂದ ನಡೆದುಬಂದದ್ದು. ದೇವಸ್ಥಾನ, ಮಸೀದಿ, ಚುನಾವಣೆಯ ಜೀಪು, ಶಾಲೆಯ ಧ್ವಜವಂದನೆ ಎಲ್ಲೆಲ್ಲೂ ಅದರದೇ ಪೆಟ್ಟಿಗೆ. ಅದರ ದೊಡ್ಡ ಗುಣವೆಂದರೆ ಗೋಡೆಯ ಕರೆಂಟಿನಲ್ಲೂ ನಡೆಯುತ್ತದೆ, 12 ವೋಲ್ಟಿನ ಬ್ಯಾಟರಿಯಲ್ಲೂ ನಡೆಯುತ್ತದೆ. ಕಂಬದ ವೋಲ್ಟೇಜು ಏನಾದರೂ ಆಗಲಿ, ಟೆಂಪೋದ ಬ್ಯಾಟರಿ ಸಾಕು. ನಾವು 900 ರೂಪಾಯಿಗೆ ಕೂಗಿ ಗೆದ್ದೆವು. ಆರು ಜನ ನೂರೈವತ್ತರಂತೆ ಹಾಕಿದೆವು.

ಅದು ಗಿಟಾರಿಗೆ ಮಾಡಿದ್ದಲ್ಲ, ಮಾತಿಗೆ ಮಾಡಿದ್ದು. ಗಿಟಾರನ್ನು ನೇರವಾಗಿ ಮೈಕಿನ ತೂತಿಗೆ ಚುಚ್ಚಿದರೆ ಮೇಲಿನ ಸ್ವರಗಳ ಹೊಳಪು ಹೋಗಿ ದನಿ ಕಂಬಳಿ ಹೊದ್ದಂತಾಗುತ್ತದೆ. ನಡುವೆ 9 ವೋಲ್ಟಿನ ಬ್ಯಾಟರಿಯ ಒಂದು ಪೆಡಲ್ ಇಟ್ಟರೆ ಆ ದೋಷ ಬಹಳಷ್ಟು ಕಡಿಮೆಯಾಗುತ್ತದೆ. ಆದರೂ ಮೊದಲಿನ ಸೊಗಸು ಬರುವುದಿಲ್ಲ. ಸ್ಟೆಪ್ನಿಯಿಂದ ಸೊಗಸನ್ನು ಯಾರೂ ಬಯಸಬಾರದು. ಊರು ಮುಟ್ಟಿಸಿದರೆ ಸಾಕು.

ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಡುವಾಗ ಮುಅಜ್ಜಿನ್ ಚಾಚಾ ಬಾಗಿಲವರೆಗೆ ಬಂದರು. ಹದಿನೈದು ವರ್ಷ ಅದನ್ನು ಹಚ್ಚಿ ಆರಿಸಿದ ಕೈ ಅವರದು. "ಗರಮ್ ಹುವಾ ತೋ ಢಾಂಕೋ ನಕ್ಕೋ ಬಾಬಾ" ಎಂದರು. ಬಿಸಿಯಾದಾಗ ಮುಚ್ಚಬೇಡಿ, ಗಾಳಿಯಾಡಲಿ ಎಂದು. ಯಾವ ಗುಂಡಿ ಸಡಿಲ, ಯಾವ ಫ್ಯೂಸ್ ಹಾಕಬೇಕು ಎಂಬುದನ್ನೂ ಹೇಳಿದರು. ಅಲ್ಲಿಯೇ ಇದ್ದ ಒಬ್ಬ ಯುವಕನಿಗೆ ಸಿಟ್ಟು ಬಂತು. "ಅಜಾನ್ ಕೂಗಿದ ಪೆಟ್ಟಿಗೇಲಿ ಇವರು ಗಿಟಾರ್ ಬಾರಿಸ್ತಾರಂತೆ, ಅದೂ ಗಣಪತಿ ಮುಂದೆ. ನೀವು ಪಾಠ ಬೇರೆ ಹೇಳ್ತೀರಲ್ಲ ಚಾಚಾ?" ಚಾಚಾ ನಿಧಾನವಾಗಿ ಹೇಳಿದರು: "ಅಜಾನ್ ಕೂಗಿದ್ದು ನಾನಪ್ಪಾ, ಪೆಟ್ಟಿಗೆ ಅಲ್ಲ." ಸಂಗೀತ ಸರಿಯೋ ತಪ್ಪೋ ಎಂಬ ಚರ್ಚೆಗೆ ಅವರು ಹೋಗಲಿಲ್ಲ. ಅವರು ಹಾಡು ಕೇಳುವವರಾಗಿರಲಿಲ್ಲ. ಆದರೆ ಒಂದು ಯಂತ್ರವನ್ನು ಹೇಗೆ ನೋಡಿಕೊಳ್ಳಬೇಕೆಂದು ಕೇಳಿದವರಿಗೆ ಹೇಳದಿರುವ ಜಾಯಮಾನವೂ ಅವರದಲ್ಲ.

ತುಂಗಭದ್ರೆಯ ದಡದ ಒಂದು ಊರಿನ ಗಣೇಶೋತ್ಸವದಲ್ಲಿ ಅದರ ಅಗತ್ಯ ಬಂತು. ಮೈಕ್ ಸೆಟ್ಟಿಗೆ ಜನರೇಟರ್ ಇತ್ತು, ವಾದ್ಯಗಳಿಗೆ ಕಂಬದ ಕರೆಂಟೇ ಗತಿ. ಐದನೆಯ ಹಾಡಿನ ನಡುವೆ ಸ್ಟೆಬಿಲೈಜರ್ ಟಕಟಕ ಎಂದು ಹೊಡೆದುಕೊಂಡಿತು. ಗಿಟಾರ್ ನಿಂತಿತು, ಸುಟ್ಟ ವಾಸನೆ ಬಂತು. ಕೀಬೋರ್ಡಿನವನು ಗಿಟಾರಿನ ಸಾಲನ್ನು ತಾನೇ ಹಿಡಿದು ಹಾಡನ್ನು ದಡ ಮುಟ್ಟಿಸಿದ. ಹಾಡು ಮುಗಿದ ಮೇಲೆ ಒಂದು ನಿಮಿಷ ಮೌನ. ಹಿಂದಿನ ಸಾಲಿನಿಂದ ಸೀಟಿ ಬಂತು. ಯಾರೋ ಕೇಳಿದರು: "ಯಾರ ಪಾರ್ಟಿನೋ ಇದು?"

ಮಾತು ಸಣ್ಣದು. ಬೇಸರಗೊಂಡ ಕೇಳುಗನೊಬ್ಬ ಎಲ್ಲಿ ಬೇಕಾದರೂ ಕೇಳಬಹುದಾದದ್ದು. ಆದರೆ ಅದಕ್ಕೆ ಸಿಗುವ ಉತ್ತರದಲ್ಲಿ ಮೂರು ಮುಸ್ಲಿಂ ಹೆಸರುಗಳಿದ್ದರೆ ಕೆಟ್ಟುಹೋದ ಆಂಪ್ಲಿಫಯರ್ ಆಂಪ್ಲಿಫಯರಾಗಿ ಉಳಿಯುವುದಿಲ್ಲ. ಬೇಕೆಂದೇ ಮಾಡಿದರು ಎನ್ನುವ ಒಬ್ಬ ಸಾಕು. ಇದು ನಮ್ಮ ಮೂವರಿಗೂ ಗೊತ್ತಿತ್ತು. ಕೀಬೋರ್ಡಿನವನಿಗೂ ಗೊತ್ತಿತ್ತು, ಅವನ ಮುಖ ಬೆವೆತಿತ್ತು. ಟೀಚರಮ್ಮ ಮೈಕ್ ಹಿಡಿದು ಮಕ್ಕಳನ್ನು ಒಗಟು ಕೇಳತೊಡಗಿದರು. ರಿದಂ ಪ್ಯಾಡಿನವನು ಟೆಂಪೋಗೆ ಓಡಿ ಬ್ಯಾಟರಿ ಬಿಚ್ಚಿ ಹೆಗಲ ಮೇಲೆ ಹೊತ್ತು ತಂದ. ತಂತಿ ಕಚ್ಚಿಸಿ, ಪೆಡಲ್ ಜೋಡಿಸಿ, ಸ್ಪೀಕರ್ ಬಾಕ್ಸಿಗೆ ಕೊಟ್ಟೆವು. ಮೂರನೆಯ ಒಗಟಿಗೆ ಉತ್ತರ ಬರುವ ಹೊತ್ತಿಗೆ ಗಿಟಾರ್ ಮಾತಾಡಿತು. ದನಿ ಸ್ವಲ್ಪ ಮಂಕಾಗಿತ್ತು. ಯಾರಿಗೂ ತಿಳಿಯಲಿಲ್ಲ. ರಾತ್ರಿ ಒಂದರವರೆಗೆ ಜನ ಏಳಲಿಲ್ಲ. ಮಂಡಳಿಯ ಹಿರಿಯರು ಊಟಕ್ಕೆ ಕೂರಿಸಿ, ಮುಂದಿನ ವರ್ಷಕ್ಕೂ ನೀವೇ ಎಂದರು. ಎಂಟು ವರ್ಷದಲ್ಲಿ ಸ್ಟೆಪ್ನಿ ವೇದಿಕೆ ಹತ್ತಿದ್ದು ನಾಲ್ಕು ಸಲ. ನಾಲ್ಕು ಸಲವೂ ಅದಕ್ಕೆ ಚಪ್ಪಾಳೆ ಬೀಳಲಿಲ್ಲ. ಸ್ಟೆಪ್ನಿ ಚೆನ್ನಾಗಿ ಕೆಲಸ ಮಾಡಿತೆಂಬುದಕ್ಕೆ ಅದೇ ಸಾಕ್ಷಿ.

ಖಾದರ್ ಭಾಯಿ ಕಲಿಸಿದ ಇನ್ನೊಂದು ನಿಯಮವಿತ್ತು. ಮೊದಲನೆಯದು ಯಾಕೆ ಸತ್ತಿತೆಂದು ತಿಳಿಯದೆ ಎರಡನೆಯದನ್ನು ಅದೇ ಸಾಕೆಟ್ಟಿಗೆ ಚುಚ್ಚಬಾರದು. ಮೊದಲು ಕೇಬಲ್ ಬದಲಿಸಿ ನೋಡಬೇಕು, ಬಹಳ ಸಲ ತಪ್ಪು ಅದರದೇ. ಆಮೇಲೆ ಫ್ಯೂಸ್. ಹೊಸ ಫ್ಯೂಸೂ ಸುಟ್ಟರೆ ಒಳಗೆ ಬೇನೆ ಇದೆಯೆಂದು ಅರ್ಥ. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ನಡೆಸುವ ಜಾಣತನ ಕೂಡದು. ಸಾಕೆಟ್ಟಿನ ಅರ್ಥಿಂಗನ್ನು ಟೆಸ್ಟರ್ ಹಿಡಿದು ನೋಡಲೇಬೇಕು. 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸೀ ನಗರದ ವೇದಿಕೆಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಮೈಕ್ ಮುಟ್ಟಿದೊಡನೆ ವಿದ್ಯುತ್ ಹೊಡೆದು ಜನರ ಕಣ್ಣೆದುರೇ ಸತ್ತ. ಗಿಟಾರಿನ ತಂತಿ ಒಂದು ಕೈಯಲ್ಲಿ, ಮೈಕಿನ ಲೋಹ ಇನ್ನೊಂದು ಕೈಯಲ್ಲಿ, ಎರಡರಲ್ಲೊಂದರ ಅರ್ಥಿಂಗ್ ಕೆಟ್ಟಿದ್ದರೆ ನಡುವಿನ ಮೈಯೇ ತಂತಿಯಾಗುತ್ತದೆ. ಅಂತಹ ಕಡೆ ಹತ್ತು ಸ್ಟೆಪ್ನಿ ಇದ್ದರೂ ಪ್ರಯೋಜನವಿಲ್ಲ. ಕೆಟ್ಟದ್ದು ಪೆಟ್ಟಿಗೆಯಲ್ಲ, ಗೋಡೆ.

ಸ್ಟೆಪ್ನಿಗೆ ಖರ್ಚಿದೆ, ಭಾರವಿದೆ. ಬಸ್ಸಿನಲ್ಲಿ ಹೋದರೆ ಲಗೇಜಿನ ಚೀಟಿ ಹರಿಸಬೇಕು. ರಾತ್ರಿ ಎರಡಕ್ಕೆ ಮರಳಿ ಬಂದಾಗ ಬಳಸದ ಪೆಟ್ಟಿಗೆಯನ್ನೂ ಮೆಟ್ಟಿಲು ಹತ್ತಿಸಬೇಕು. ತಿಂಗಳಿಗೊಮ್ಮೆ ಹಚ್ಚಿ ನೋಡಬೇಕು. ಇದ್ದೂ ನೋಡದ ಸ್ಟೆಪ್ನಿಗೆ ಬೇಕಾದ ದಿನವೇ ಗಾಳಿಯಿರುವುದಿಲ್ಲವೆಂದು ಡ್ರೈವರುಗಳು ಹೇಳುವ ಮಾತು ಇಲ್ಲಿಗೂ ಸಲ್ಲುತ್ತದೆ. ಈ ಕೆಲಸವನ್ನು ಒಬ್ಬನ ತಲೆಗೆ ಕಟ್ಟುವ ತಂಡಗಳನ್ನು ನೋಡಿದ್ದೇವೆ. ಅಲ್ಲಿ ಅದು ಹೆಚ್ಚಾಗಿ ಎಲ್ಲರಿಗಿಂತ ಬಡವನ ತಲೆಗೇ ಬೀಳುತ್ತಿತ್ತು. ನಮ್ಮಲ್ಲಿ ಸರದಿಯಿತ್ತು. ಟೀಚರಮ್ಮನ ಸರದಿಯಲ್ಲಿ ಅವರ ಯಜಮಾನರು ಸ್ಕೂಟರಿನಲ್ಲಿ ಒಯ್ಯುತ್ತಿದ್ದರು.

ಈಗ ರಸಮಂಜರಿಯ ಕಾಲ ಹೆಚ್ಚುಕಡಿಮೆ ಮುಗಿಯಿತು. ಪೆಂಡಾಲಿಗೆ ಡಿಜೆ ಬಂತು, ಮದುವೆಗೆ ಕರೋಕೆ ಬಂತು. ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ನುಡಿಸುತ್ತಾನೆ. ಅವನ ಬಳಿ ಆಂಪ್ಲಿಫಯರೇ ಇಲ್ಲ. ಕಾಲ ಬಳಿ ಒಂದು ಪ್ರೊಸೆಸರ್, ಅದು ಹತ್ತಾರು ಆಂಪ್ಲಿಫಯರುಗಳ ದನಿಯನ್ನು ಅನುಕರಿಸಿ ನೇರ ಮಿಕ್ಸರಿಗೆ ಕಳಿಸುತ್ತದೆ. "ಅದರ ಅಡಾಪ್ಟರ್ ಸುಟ್ಟರೆ ಏನು ಮಾಡ್ತೀಯ ಬೇಟಾ?" ಎಂದೆವು. ಬ್ಯಾಗಿನಿಂದ ಅಂಗೈಯಗಲದ ಇನ್ನೊಂದು ಪೆಡಲ್ ತೆಗೆದ. "ಇದು ಬ್ಯಾಟರೀದು ಮಾಮು, ಬೇರೆ ಕಂಪನೀದು" ಎಂದ. ಖಾದರ್ ಭಾಯಿಯ ಹೆಸರನ್ನೂ ಕೇಳದ ಹುಡುಗ. ಭಾರ ಕಡಿಮೆಯಾಗಿದೆ, ನಿಯಮ ಬದಲಾಗಿಲ್ಲ.

2022ರಲ್ಲಿ ನಮ್ಮ ರಾಜ್ಯದಲ್ಲಿ ಮಸೀದಿಯ ಧ್ವನಿವರ್ಧಕಗಳ ಬಗ್ಗೆ ಗದ್ದಲವೆದ್ದಾಗ ಟಿವಿಯಲ್ಲಿ ಕೂಗಾಡುವವರನ್ನು ನೋಡುತ್ತಾ ನಮಗೆ ಆ ಅಹುಜಾ ನೆನಪಾಗುತ್ತಿತ್ತು. ಶಬ್ದ ಎಷ್ಟಿರಬೇಕು, ಎಷ್ಟು ಹೊತ್ತಿನವರೆಗೆ ಎಂಬುದಕ್ಕೆ 2000ರಿಂದ ಕೇಂದ್ರದ ನಿಯಮಗಳಿವೆ. ಅವು ಎಲ್ಲರ ಪೆಟ್ಟಿಗೆಗೂ ಒಂದೇ, ಪಾಲಿಸಬೇಕಾದದ್ದು ನ್ಯಾಯ. ಆದರೆ ಗದ್ದಲ ಎಬ್ಬಿಸಿದವರು ಕೇಳಿದ್ದು ಎಷ್ಟು ಶಬ್ದ ಎಂದಲ್ಲ, ಯಾರ ಪಾರ್ಟಿ ಎಂದು. ಊರುಗಳಲ್ಲಿ ಏನಾದರೂ ಕೆಟ್ಟಾಗ ಶಾಂತಿ ಸಭೆಯ ಹೆಸರಿನಲ್ಲಿ ನಾವು ಅವಸರದಿಂದ ಹೊಸ ಪೆಟ್ಟಿಗೆ ತಂದು ಅದೇ ಸಾಕೆಟ್ಟಿಗೆ ಚುಚ್ಚುತ್ತೇವೆ. ಹಾರ ಹಾಕಿ, ಫೋಟೋ ತೆಗೆಸಿ ಮನೆಗೆ ಹೋಗುತ್ತೇವೆ. ಗೋಡೆಗೆ ಟೆಸ್ಟರ್ ಹಿಡಿದು ನೋಡುವವರು ಕಡಿಮೆ. ಅಂದು ಪೆಂಡಾಲಿನಲ್ಲಿ ನಮ್ಮನ್ನು ಕಾಪಾಡಿದ್ದು ಒಂದು ಹಳೆಯ ಪೆಟ್ಟಿಗೆಯಷ್ಟೇ ಅಲ್ಲ. ಒಗಟು ಕೇಳಿದವರೊಬ್ಬರು, ಬ್ಯಾಟರಿ ಹೊತ್ತವನೊಬ್ಬ, ಹಾಡನ್ನು ದಡ ಮುಟ್ಟಿಸಿದವನೊಬ್ಬ. ಒಬ್ಬರಿಗೆ ಬಂದ ಕಷ್ಟ ಇನ್ನೊಬ್ಬರಿಗೆ ಬಾರದಷ್ಟು ನಾವು ಬೇರೆಬೇರೆಯಾಗಿದ್ದೆವು. ಆದ್ದರಿಂದಲೇ ಒಬ್ಬರಿಗೊಬ್ಬರು ಒದಗಿದೆವು.

ಆ ಅಹುಜಾ ಈಗ ಹರಿಹರದ ಒಂದು ಕವ್ವಾಲಿ ತಂಡದ ಬಳಿ ಇದೆ. ಬಿಸಿಯಾದರೆ ಮುಚ್ಚಬೇಡಿರೆಂದು ಹೇಳಿಯೇ ಕೊಟ್ಟಿದ್ದೇವೆ.