ಹೆಸರಿನ ಮೊದಲಕ್ಷರದ ಊರು

ತುಮಕೂರು ರಸ್ತೆಯ ಲಾರಿಗಳ ಸದ್ದಿಗೆ ಕಣ್ಣು ಬಿಡುವ ಮಾದನಾಯಕನಹಳ್ಳಿಯ ನಮ್ಮಂಥವರಿಗೆ, ನೆರೆಯ ಜಿಂದಾಲ್ ನಗರದ ಪ್ರಕೃತಿ ಚಿಕಿತ್ಸಾಲಯವು ಎಂದೂ ಮುಗಿಯದ ಕೌತುಕ. ಕಡಲಾಚೆಯ ಜನರೂ ಇಲ್ಲಿಗೆ ಬಂದು ಆಸನ, ಪ್ರಾಣಾಯಾಮಗಳನ್ನು ಅಭ್ಯಸಿಸುತ್ತಾರೆ. ಆ ದೇಶಗಳಿಗೆ ಯೋಗದ ರುಚಿ ಹತ್ತಿಸಿದವರಲ್ಲಿ ಅಗ್ರಗಣ್ಯರಾದ ಬಿ. ಕೆ. ಎಸ್. ಅಯ್ಯಂಗಾರ್ ಅವರು ಬೆಂಗಳೂರಿನ ಮತ್ತೊಂದು ಮಗ್ಗುಲಿನ ಹಳ್ಳಿಯವರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರ ಹೆಸರಿನ ‘ಬಿ’ ಎಂದರೆ ಬೆಳ್ಳೂರು. ಆ ಊರನ್ನೊಮ್ಮೆ ಕಂಡುಬರೋಣವೆಂದು ಒಂದು ಭಾನುವಾರ ಹೊರಟೆ.

2024ರ ನವೆಂಬರಿನಲ್ಲಿ ಮೆಟ್ರೊ ರೈಲು ಮಾದಾವರದವರೆಗೆ ಬಂದ ಮೇಲೆ ಮೆಜೆಸ್ಟಿಕ್ ಸೇರುವುದು ಸುಲಭವಾಗಿದೆ. ಅಲ್ಲಿಂದ ಕೋಲಾರದ ಬಸ್ಸು. ಹೊಸಕೋಟೆ ದಾಟಿ ನರಸಾಪುರ ಸಮೀಪಿಸುತ್ತಲೇ ದ್ವಿಚಕ್ರ ವಾಹನಗಳ ಕಾರ್ಖಾನೆ, ಮೊಬೈಲು ಫೋನುಗಳ ಕಾರ್ಖಾನೆ! ಒಂದು ಪೀಣ್ಯದಿಂದ ಹೊರಟು ಇನ್ನೊಂದು ಪೀಣ್ಯಕ್ಕೆ ಬಂದಿಳಿದಂತಾಯಿತು. ಬೆಳ್ಳೂರು ಇರುವುದು ಈ ನರಸಾಪುರದ ಮಗ್ಗುಲಲ್ಲೇ.

1918ರಲ್ಲಿ ಇಲ್ಲಿ ಇದಾವುದೂ ಇರಲಿಲ್ಲ; ಇದ್ದದ್ದು ಇನ್‌ಫ್ಲುಯೆಂಜಾ. ಭಾರತವೊಂದರಲ್ಲೇ ಒಂದು ಕೋಟಿಗೂ ಮೀರಿ ಜನರನ್ನು ಆಹುತಿ ತೆಗೆದುಕೊಂಡ ಆ ಪ್ರಕೃತಿ ವಿಕೋಪವು ಬೆಳ್ಳೂರಿನ ಉಪಾಧ್ಯಾಯ ಕೃಷ್ಣಮಾಚಾರ್ ಅವರ ಮನೆಯನ್ನೂ ಹೊಕ್ಕಿತು. ಗರ್ಭಿಣಿಯಾದ ಶೇಷಮ್ಮನವರು ಜ್ವರದಲ್ಲಿ ಬಳಲುತ್ತಿದ್ದರು. ಡಿಸೆಂಬರ್ 14ರಂದು ಹುಟ್ಟಿದ ಸುಂದರರಾಜನಿಗೆ ಕೈಕಾಲು ಕಡ್ಡಿ, ತಲೆ ಭಾರ, ಹೊಟ್ಟೆ ಡೊಳ್ಳು. ಮುಂದೆ ಮಲೇರಿಯಾ, ವಿಷಮಶೀತಜ್ವರ, ಕ್ಷಯ ಒಂದರ ಹಿಂದೊಂದು ಕಾಡಿದವು. ಒಂಬತ್ತನೆಯ ವಯಸ್ಸಿಗೆ ತಂದೆಯೂ ತೀರಿಕೊಂಡರು. ಈ ಹುಡುಗ ಬದುಕಿ ಉಳಿದದ್ದೇ ಹೆಚ್ಚು.

1934ರಲ್ಲಿ ಅಕ್ಕನ ಗಂಡ ತಿರುಮಲೆ ಕೃಷ್ಣಮಾಚಾರ್ಯರು ಹುಡುಗನನ್ನು ಮೈಸೂರಿಗೆ ಕರೆಸಿಕೊಂಡರು. ಜಗನ್ಮೋಹನ ಅರಮನೆಯ ಯೋಗಶಾಲೆ ಅವರದು. ಅದೇ ವರ್ಷ ಅವರ ‘ಯೋಗ ಮಕರಂದ’ ಪ್ರಕಟವಾಯಿತು. ಜಗತ್ತು ಇಂದು ಕಲಿಯುವ ಎಷ್ಟೋ ಆಸನಗಳು ಅಚ್ಚಿನಲ್ಲಿ ಮೊದಲು ಕನ್ನಡ ಮಾತನಾಡಿದ್ದವೆಂಬುದನ್ನು ನಾವು ಕನ್ನಡಿಗರೇ ಮರೆತಿದ್ದೇವೆ.

1937ರಲ್ಲಿ ಹದಿನೆಂಟರ ತರುಣ ಆರು ತಿಂಗಳ ಕೆಲಸಕ್ಕೆಂದು ಪುಣೆಗೆ ಹೋದ. ಮರಾಠಿ ಬಾರದು, ಬರುತ್ತಿದ್ದ ಅರೆಬರೆ ಇಂಗ್ಲಿಷೇ ಆತನನ್ನು ಆರಿಸಿ ಕಳುಹಿಸಲು ಕಾರಣವಾಗಿತ್ತು. ಶಿಷ್ಯರೋ ವಯಸ್ಸಿನಲ್ಲೂ ವಿದ್ಯೆಯಲ್ಲೂ ಹಿರಿಯರು. ಕೆಲವು ದಿನ ನಲ್ಲಿಯ ನೀರೇ ಊಟ. ಆ ಆರು ತಿಂಗಳು 2014ರ ಆಗಸ್ಟಿನಲ್ಲಿ ಅವರು ತೊಂಬತ್ತೈದರ ವಯಸ್ಸಿನಲ್ಲಿ ಕಣ್ಮುಚ್ಚುವವರೆಗೂ ಮುಗಿಯಲಿಲ್ಲ.

1952ರಲ್ಲಿ ಮುಂಬಯಿಯಲ್ಲಿ ಪಿಟೀಲು ವಿದ್ವಾಂಸ ಯೆಹೂದಿ ಮೆನುಹಿನ್ ಅವರ ಭೇಟಿಯಾಯಿತು. 1954ರಲ್ಲಿ ಮೆನುಹಿನ್ ಅವರ ಆಹ್ವಾನದ ಮೇರೆಗೆ ಅಯ್ಯಂಗಾರ್ಯರು ಸ್ವಿಟ್ಜರ್ಲೆಂಡಿಗೆ ತೆರಳಿದರು. ತನ್ನ ಅತ್ಯುತ್ತಮ ಪಿಟೀಲು ಗುರು ಇವರೆಂದು ಕೆತ್ತಿಸಿ ಮೆನುಹಿನ್ ಒಂದು ಕೈಗಡಿಯಾರವನ್ನು ಕೊಟ್ಟರು. ಪಿಟೀಲನ್ನು ಕೈಯಲ್ಲಿ ಹಿಡಿಯದ ಗುರುವಿಗೆ ಎಂಥ ಬಿರುದು! ಎಂಬತ್ತು ದಾಟಿದ ಬೆಲ್ಜಿಯಂ ರಾಜಮಾತೆ ಎಲಿಜಬೆತ್ ಕೂಡ ಇವರ ಕೈಯಲ್ಲಿ ಶೀರ್ಷಾಸನ ಕಲಿತರು. ಹಳ್ಳಿಯ ಅಜ್ಜಿಯರು ಕೇಳಿದ್ದರೆ ಮೂಗಿನ ಮೇಲೆ ಬೆರಳಿಡುತ್ತಿದ್ದರು.

1966ರಲ್ಲಿ ಲಂಡನ್ನಿನಲ್ಲಿ ಅವರ ‘ಲೈಟ್ ಆನ್ ಯೋಗ’ ಹೊರಬಂದಿತು. ಸುಮಾರು ಆರುನೂರು ಛಾಯಾಚಿತ್ರಗಳಲ್ಲಿ ಕಾಣುವುದು ಅದೇ ಕಡ್ಡಿ ಕೈಕಾಲಿನ ಹುಡುಗನ ದೇಹ. ಒಂದೊಂದು ಆಸನಕ್ಕೂ ಹೆಜ್ಜೆ ಹೆಜ್ಜೆಯ ವಿವರಣೆ, ಫಲ, ಅಭ್ಯಾಸದ ಕ್ರಮ. ರೋಗವನ್ನು ಮೈಯಲ್ಲಿ ಉಂಡವನ ಜಾಗರೂಕತೆ ಆ ಬರಹದಲ್ಲಿದೆಯೆಂದು ನನಗೆ ತೋರುತ್ತದೆ. ತಲೆ ಕೆಳಗೆ ಮಾಡಿ ನಿಲ್ಲಲಾರದವನಿಗೆ ಹಗ್ಗ, ಕುರ್ಚಿ, ದಿಂಬುಗಳ ಆಸರೆ ಕೊಟ್ಟದ್ದೂ ಇವರೇ.

ಸಂಪಾದಿಸಿದ್ದರಲ್ಲಿ ಒಂದು ಪಾಲು ಬೆಳ್ಳೂರಿಗೆ ಮರಳಿತು. ರಮಾಮಣಿ ನಗರವೆಂದು ಪತ್ನಿಯ ಹೆಸರು ಹೊತ್ತ ಆವರಣದಲ್ಲಿ ಶಾಲೆಯಿದೆ, ಪತಂಜಲಿಗೊಂದು ಗುಡಿಯಿದೆ, ಆಸ್ಪತ್ರೆಯಿದೆ. ಇವನ್ನು ನಡೆಸುವ ಸ್ಮಾರಕ ನಿಧಿಗೆ ತಂದೆ ಕೃಷ್ಣಮಾಚಾರ್ ಮತ್ತು ತಾಯಿ ಶೇಷಮ್ಮನವರ ಹೆಸರಿದೆ. ಶೇಷಮ್ಮನವರು ಜ್ವರದಲ್ಲಿ ಮಲಗಿದ್ದ ಊರಿನಲ್ಲಿ ಈಗ ಜ್ವರ ಬಂದವರು ಅಲ್ಲಿಗೆ ಹೋಗುತ್ತಾರೆ.