ನಮ್ಮ ಬೀಚು

ಹೈದರಾಬಾದಿಗೆ ಬಂದ ಹೊಸದರಲ್ಲಿ ನನಗೆ ಮೋಸ ಮಾಡಿದ್ದು ಒಂದು ಹೆಸರು: ಹುಸೇನ್ ಸಾಗರ. ನಾನೋ ಮರವಂತೆಯವಳು. ನಿದ್ದೆಯಲ್ಲೂ ಕಡಲಿನ ಸದ್ದು ಕೇಳಿ ಬೆಳೆದವಳು. ಸಾಗರ ಅಂದಮೇಲೆ ನಾಲ್ಕು ಅಲೆಯಾದರೂ ಬೇಡವೇ? ಹೋಗಿ ನೋಡಿದರೆ ಕೆರೆ! 1560ರ ದಶಕದಲ್ಲಿ, ಕುತುಬ್‌ಶಾಹಿಗಳ ಕಾಲದಲ್ಲಿ ಕಟ್ಟಿದ್ದಂತೆ. ಊರಿಗಿಂತ ಕೆರೆಯೇ ಹಿರಿಯದು. ಇರಲಿ, ಉಪ್ಪಿನ ಗಾಳಿಯಿಲ್ಲ, ಮರಳಿಲ್ಲ. ಅಂದಿನಿಂದ ಊರಿನ ನೆಂಟರು ಯಾರೇ ಬಂದರೂ ಅಲ್ಲಿಗೆ ಕರೆದೊಯ್ದು, "ಇದೇ ನೋಡಿ ನಮ್ಮ ಬೀಚು" ಎಂದು ನಗಿಸುವುದು ನನ್ನ ರೂಢಿಯಾಯಿತು.

2006ರ ಡಿಸೆಂಬರಿನಲ್ಲಿ ಮಾವ ಬಂದರು. ಕುಷ್ಟಗಿ ತಾಲೂಕಿನ ಹಳ್ಳಿಯವರು, ಮಾತು ಕಡಿಮೆ. ಒಂದು ಭಾನುವಾರ ಚೌಮಹಲ್ಲಾ ಅರಮನೆ, ಸಂಜೆ 'ಬೀಚು' ಎಂದು ಪ್ರೋಗ್ರಾಂ ಹಾಕಿ, ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರ್ಕತ್‌ಪುರದಿಂದ ಆಟೋ ಹತ್ತಿದೆವು.

ಚೌಮಹಲ್ಲಾ ಅಂದರೆ ನಾಲ್ಕು ಮಹಲು. ಅಸಫ್‌ಜಾಹಿ ನಿಜಾಮರ ದರ್ಬಾರು ನಡೆಯುತ್ತಿದ್ದ ಜಾಗ. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 2005ರಲ್ಲಷ್ಟೇ. ಖಿಲ್ವತ್ ಎಂಬ ದೊಡ್ಡ ಹಾಲಿನಲ್ಲಿ ಅಮೃತಶಿಲೆಯ ಗದ್ದುಗೆ, ಮೇಲೆ ಬೆಲ್ಜಿಯಂ ಗಾಜಿನ 19 ತೂಗುದೀಪ. ನಾವೆಲ್ಲ ಕತ್ತೆತ್ತಿ ದೀಪ ನೋಡುತ್ತಿದ್ದರೆ, ಮಾವ ಮಾತ್ರ ಗದ್ದುಗೆಯನ್ನೇ ನೋಡುತ್ತ ನಿಂತಿದ್ದರು. ಕಾವಲಿನ ಮುದುಕ ಬಂದು ಉರ್ದುವಿನಲ್ಲಿ ಎಲ್ಲಿಂದ ಬಂದಿರಿ ಅಂತ ಕೇಳಿದ.

"ಜಿಲಾ ರಾಯಚೂರ್, ತಾಲೂಕಾ ಕುಷ್ಟಗಿ" ಅಂದರು ಮಾವ.

ಕುಷ್ಟಗಿ ಕೊಪ್ಪಳ ಜಿಲ್ಲೆಗೆ ಸೇರಿ ಆಗಲೇ ಒಂಬತ್ತು ವರ್ಷ! ಮುದುಕನ ಮುಖ ಅರಳಿತು. "ಅರೇ, ಅಪ್ನೇಚ್ ಆದ್ಮೀ!" ಅಂದ. ಆಮೇಲೆ ಇಬ್ಬರೂ ಕಾಲು ಗಂಟೆ ಮಾತಾಡಿದರು. ಮಾವನ ಬಾಯಲ್ಲಿ ಅಷ್ಟು ನಯವಾದ ಉರ್ದು ಇದೆಯೆಂದು ಅವರ ಮಗನಿಗೂ ಗೊತ್ತಿರಲಿಲ್ಲ.

ನಮಗೆ ಗೊತ್ತಿದ್ದ ಕತೆ ಬೇರೆ. 1948ರ ಗಲಾಟೆಯಲ್ಲಿ ಇವರ ಮನೆಮಂದಿ ರಾತ್ರೋರಾತ್ರಿ ಎತ್ತಿನ ಗಾಡಿ ಕಟ್ಟಿಕೊಂಡು, ಗಡಿ ದಾಟಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗಜೇಂದ್ರಗಡಕ್ಕೆ ಓಡಿಹೋಗಿದ್ದರು. ಮಾವನಿಗೆ ಆಗ ಹತ್ತು ವರ್ಷ. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದ ಮೇಲೆ ತಿರುಗಿ ಬಂದರೆ ಮನೆಯಲ್ಲಿ ಕಾಳಿಲ್ಲ, ಕೊಟ್ಟಿಗೆಯಲ್ಲಿ ದನವಿಲ್ಲ.

ಹೊರಗೆ ಮರದ ನೆರಳಿನಲ್ಲಿ ಕೂತಾಗ ಮೆಲ್ಲಗೆ ಕೇಳಿದೆ, "ಅದನ್ನೆಲ್ಲ ನೋಡಿ ಸಿಟ್ಟು ಬರಲಿಲ್ವಾ ಮಾವಾ?"

"ಬರತೈತವ್ವಾ, ಯಾಕ ಬರಂಗಿಲ್ಲ. ಆದ್ರ ಸಾಲ್ಯಾಗ ಉರ್ದು ಕಲಿಸಿದ ಮಾಸ್ತರು ಭಾಳ ಚಲೋ ಇದ್ರು. ಅವರೂ ನೆನಪಾಗ್ತಾರಲ್ಲ" ಅಂದರು.

ನನಗೆ ಇದು ಪರಊರು. ಗಂಡನ ನೌಕರಿ ಇರುವಷ್ಟು ದಿನ ಇರುವ ಜಾಗ. ಮಾವನಿಗೆ ಹಾಗಲ್ಲ. 1956ರ ತನಕ ಇದು ಅವರ ರಾಜಧಾನಿ. ಪ್ರೀತಿಯೋ ಭಯವೋ, ಅಂತೂ ಅವರದ್ದು.

ಸಂಜೆ ನೆಕ್ಲೇಸ್ ರೋಡಿನಲ್ಲಿ ಸುಟ್ಟ ಮೆಕ್ಕೆಜೋಳದ ತೆನೆ ಹಿಡಿದು ಕೂತೆವು. ನೀರಿನ ನಡುವೆ ಬುದ್ಧ. 1990ರಲ್ಲಿ ಸಾಗಿಸುವಾಗ ಜನರ ಪ್ರಾಣವನ್ನೂ ತೆಗೆದುಕೊಂಡು ಮುಳುಗಿ, 1992ರ ಡಿಸೆಂಬರಿನಲ್ಲಿ ಎದ್ದು ನಿಂತ ಕಲ್ಲಿನ ಬುದ್ಧ. ನಾನು ಅಭ್ಯಾಸಬಲದಿಂದ, "ಇದೇ ನಮ್ಮ ಬೀಚು ಮಾವಾ" ಅಂದೆ. ಅವರು ನಗಲಿಲ್ಲ.

"ಎಷ್ಟು ನೀರವ್ವಾ! ನಮ್ಮ ಕಡೆ ಇದರ ಕಾಲುಭಾಗ ಇದ್ದಿದ್ರೂ ಸಾಗರ ಅಂತಿದ್ವಿ." ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮ ಸಮುದ್ರ ನಾ ನೋಡೇ ಇಲ್ಲ. ನಿಮ್ಮ ಮದುವ್ಯಾಗ ಬಸ್ಸು ರಾತ್ರಿ ಬಂತು, ರಾತ್ರಿ ಹೊಂಟಿತು. ಬರೇ ಸಪ್ಪಳ ಕೇಳೀನಿ" ಅಂದರು.

ಬಾಯಲ್ಲಿದ್ದ ಜೋಳ ಗಂಟಲಲ್ಲಿ ಇಳಿಯಲಿಲ್ಲ. ಮದುವೆಯಾಗಿ ಎಂಟು ವರ್ಷ. ಕಡಲಿಲ್ಲ ಎಂದು ಕೊರಗುತ್ತ ಕೂತವಳಿಗೆ, ಮಾವನಿಗೊಮ್ಮೆ ಅದನ್ನು ತೋರಿಸೋಣ ಎಂದು ಹೊಳೆದಿರಲೇ ಇಲ್ಲ.

ಮರು ಮೇ ತಿಂಗಳಲ್ಲಿ ಕರೆದುಕೊಂಡು ಹೋದೆವು. ಮರವಂತೆಯಲ್ಲಿ ಧೋತರ ಎತ್ತಿಕೊಂಡು ಮೊಣಕಾಲವರೆಗೆ ಇಳಿದು, ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡರು. ತಿರುಗಿ ನನ್ನನ್ನು ನೋಡಿ,

"ಇಷ್ಟು ನೀರು ಐತಿ, ಒಂದು ತಂಬಿಗಿ ಕುಡಿಯಾಕ ಬರಂಗಿಲ್ಲಲ್ಲವ್ವಾ" ಅಂದರು.